ಶಾಲು ಹೊದಿಸದ ಮಹಾರಾಜರು

ಹೊರನಾಡಿನ ನಮ್ಮ ಸಂಘಗಳ ವೇದಿಕೆಯಲ್ಲಿ ಮೈಸೂರು ಅರಸರ ಮಾತು ಬಂತೆಂದರೆ ಭಾಷಣಕಾರರ ಪಟ್ಟಿ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತದೆ. ದಸರಾ, ಕನ್ನಂಬಾಡಿ ಕಟ್ಟೆ, ಗಂಧದ ಸಾಬೂನು, ವಿಶ್ವವಿದ್ಯಾಲಯ... ಈಚೆಗೆ ವಾಟ್ಸಾಪ್ ಕೃಪೆಯಿಂದ ಇನ್ನೊಂದು ಐಟಂ ಸೇರಿಕೊಂಡಿದೆ. "ನಮ್ಮ ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಪಿಯಾನೋ ವಾದಕರೊಬ್ಬರಿಗೆ ಸಹಾಯ ಮಾಡಿದ್ದರಂತೆ!" ಜೋರು ಚಪ್ಪಾಳೆ. ಅಲ್ಲಿಗೆ ಮುಗಿಯಿತು. ಆ ವಾದಕರು ಯಾರು, ಅವರ ಕಷ್ಟ ಏನು, ಮಹಾರಾಜರು ಮಾಡಿದ್ದಾದರೂ ಏನು ಅಂತ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಆ ಕಥೆಯನ್ನು ಪೂರ್ತಿಯಾಗಿ ನೋಡಿದರೆ ಅದರಲ್ಲಿ ಹೆಮ್ಮೆಗಿಂತ ಮುಖ್ಯವಾದ ಒಂದು ಪಾಠ ಇದೆ, ಅದೂ ವಿಶೇಷವಾಗಿ ನಮ್ಮ ಸಂಘಗಳಿಗೆ. ಕಲಾವಿದರಿಗೆ ಸನ್ಮಾನ ಮಾಡುವುದು ಬೇರೆ, ಅವರ ಕಲೆಯನ್ನು ಉಳಿಸುವುದು ಬೇರೆ. ಮೊದಲನೆಯದನ್ನು ನಾವು ವರ್ಷವಿಡೀ ಮಾಡುತ್ತೇವೆ. ಮಹಾರಾಜರು ಮಾಡಿದ್ದು ಎರಡನೆಯದನ್ನು.

ವಾದಕರ ಹೆಸರು ನಿಕೊಲಾಯ್ ಮೆಟ್ನರ್. ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಮನೆತನ ಜರ್ಮನ್ ಮೂಲದ್ದು. ತೀರಿಕೊಂಡದ್ದು 1951ರಲ್ಲಿ, ಲಂಡನ್ನಿನಲ್ಲಿ. ಮೂಲ ಒಂದು ಕಡೆ, ಹುಟ್ಟು ಇನ್ನೊಂದು ಕಡೆ, ಸಾವು ಮತ್ತೊಂದು ಕಡೆ. ನಮ್ಮಂಥವರಿಗೆ ಈ ಲೆಕ್ಕ ಹೊಸದೇನಲ್ಲ ಬಿಡಿ. ಮೊದಲ ಪಿಯಾನೋ ಪಾಠ ತಾಯಿಯಿಂದ. ಆಮೇಲೆ ಮಾಸ್ಕೋ ಕನ್ಸರ್ವೇಟರಿ, ಅಲ್ಲಿ ವಾಸಿಲಿ ಸಫೊನೋವ್ ಎಂಬ ದೊಡ್ಡ ಗುರುಗಳ ಶಿಷ್ಯತ್ವ. 1900ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದಾಗ ಇಪ್ಪತ್ತು ವರ್ಷದ ಈ ಹುಡುಗ ಇನ್ನು ದೇಶದೇಶ ಸುತ್ತಿ ಕಛೇರಿ ಕೊಡುತ್ತಾನೆ, ಹೆಸರು ದುಡ್ಡು ಎರಡನ್ನೂ ಮಾಡುತ್ತಾನೆ ಅಂತಲೇ ಎಲ್ಲರ ಎಣಿಕೆ.

ಅವರು ಹಾಗೆ ಮಾಡಲಿಲ್ಲ. ಊರೂರು ತಿರುಗುವ ವಾದಕನ ವೃತ್ತಿ ತನ್ನದಲ್ಲ, ತನ್ನದು ಸಂಗೀತ ರಚನೆ ಎಂದು ತೀರ್ಮಾನಿಸಿಬಿಟ್ಟರು. ಹಾಗಂತ ಪಿಯಾನೋ ಬಿಡಲಿಲ್ಲ. ಜೀವನಪೂರ್ತಿ ಅವರು ಬರೆದದ್ದರಲ್ಲಿ ಪಿಯಾನೋ ಇಲ್ಲದ ಕೃತಿಯೇ ಇಲ್ಲವೆನ್ನಬಹುದು. ಹದಿನಾಲ್ಕು ಸೊನಾಟಾಗಳು, ನೂರಕ್ಕೂ ಹೆಚ್ಚು ಹಾಡುಗಳು, ರಷ್ಯನ್ನಿನಲ್ಲಿ 'ಸ್ಕಾಜ್ಕಿ' ಅನ್ನುವ, ಅಂದರೆ ಅಜ್ಜಿಕಥೆಗಳಂಥ, ಮೂವತ್ತಕ್ಕೂ ಮಿಕ್ಕಿದ ಪುಟ್ಟ ರಚನೆಗಳು, ಮೂರು ಕನ್ಚೆರ್ಟೊಗಳು. (ಕನ್ಚೆರ್ಟೊ ಅಂದರೆ ಒಬ್ಬ ವಾದಕ ಮುಂದೆ, ಇಡೀ ಆರ್ಕೆಸ್ಟ್ರಾ ಜೊತೆಗೆ ನುಡಿಸುವ ದೀರ್ಘ ಕೃತಿ.) ಕಛೇರಿಗೆ ಕೂತರೆ ಬಹುಪಾಲು ತಮ್ಮದನ್ನೇ ನುಡಿಸುತ್ತಿದ್ದರು. ಬೀಥೋವನ್ ಅವರ ಆರಾಧ್ಯದೈವ. ಅವನ ನಾಲ್ಕನೇ ಕನ್ಚೆರ್ಟೊದ ರಿಹರ್ಸಲ್ಲಿನಲ್ಲಿ ಡಚ್ ನಿರ್ದೇಶಕ ಮೆಂಗೆಲ್‌ಬರ್ಗ್ ಜೊತೆ ಲಯದ ವಿಷಯಕ್ಕೆ ಜಟಾಪಟಿಯಾಗಿ, 1910ರಲ್ಲಿ ಎದ್ದು ಹೊರಟೇಬಿಟ್ಟ ಮನುಷ್ಯ. ಇಂಥವರಿಗೆ ಅವಕಾಶಗಳು ತಾವಾಗಿ ಹುಡುಕಿಕೊಂಡು ಬರುವುದಿಲ್ಲ.

1917ರ ಕ್ರಾಂತಿ ಬಂತು. ಮೆಟ್ನರ್ ಕೆಲವು ವರ್ಷ ತಡೆದುಕೊಂಡರು. ಆ ದಿನಗಳಲ್ಲಿ ಬರೆದ ರಚನೆಗಳ ಒಂದು ಗುಚ್ಛಕ್ಕೆ ಅವರು ಇಟ್ಟ ಹೆಸರು 'ಮರೆತ ರಾಗಗಳು' ಎಂಬರ್ಥದ್ದು. 1921ರಲ್ಲಿ ಹೆಂಡತಿ ಆನಾ ಜೊತೆ ಊರು ಬಿಟ್ಟರು. ಮೊದಲು ಬರ್ಲಿನ್. ಅಲ್ಲಿ ಹೊಸ ಸಂಗೀತದ ಗಾಳಿ ಜೋರಾಗಿ ಬೀಸುತ್ತಿತ್ತು, ಇವರನ್ನು ಕೇಳುವವರಿಲ್ಲ. ಅಲ್ಲಿಂದ ಫ್ರಾನ್ಸ್. ಅಲ್ಲೂ ಅದೇ ಕಥೆ. 1927ರಲ್ಲಿ ಒಮ್ಮೆ ರಷ್ಯಕ್ಕೆ ಹೋಗಿ ಕಛೇರಿ ಕೊಟ್ಟು ಬಂದರು, ಉಳಿಯಲಿಲ್ಲ. ಕೊನೆಗೆ 1935ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಡಾವಣೆಗೆ ಬಂದು ನೆಲೆಸಿದರು. ಅದೇ ವರ್ಷ ಹೊಸ ಕಾಲದ ಸಂಗೀತವನ್ನು ಖಂಡಿಸಿ ಒಂದು ಪುಸ್ತಕವನ್ನೂ ಪ್ರಕಟಿಸಿದರು. ಅದರ ಹೆಸರು 'ಕಲಾದೇವಿ ಮತ್ತು ಫ್ಯಾಷನ್' ಎಂಬರ್ಥ ಕೊಡುತ್ತದೆ. ಊರು ಬಿಟ್ಟವರು ಹೊಸ ಊರಿನ ಹೊಸ ರೀತಿಗಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ನಮಗೇನು ಗೊತ್ತಿಲ್ಲದ ವಿಷಯವೇ?

ಅವರ ಜೊತೆಗೆ ಅವರ ಗೆಳೆಯರನ್ನೂ ಇಟ್ಟು ನೋಡಬೇಕು. ಸೆರ್ಗೆಯ್ ರಾಖ್ಮನಿನಾಫ್. ಅವರೂ ಅದೇ ಕನ್ಸರ್ವೇಟರಿಯವರು, ಅವರೂ ಊರು ಬಿಟ್ಟವರು. ಆದರೆ ರಾಖ್ಮನಿನಾಫ್ ನಲವತ್ತೈದರ ಹತ್ತಿರ ಬಂದಿದ್ದಾಗ ಅಮೆರಿಕಕ್ಕೆ ಹೋಗಿ, ಬೇರೆಯವರ ಕೃತಿಗಳನ್ನೆಲ್ಲ ಕೂತು ಅಭ್ಯಾಸ ಮಾಡಿ, ಜಗತ್ಪ್ರಸಿದ್ಧ ವಾದಕರಾದರು. ದುಡ್ಡು ಬಂತು. ಬೆಲೆಯನ್ನೂ ತೆತ್ತರು. ಉಳಿದ ಇಪ್ಪತ್ತೈದು ವರ್ಷಗಳಲ್ಲಿ ಅವರು ಬರೆದ ದೊಡ್ಡ ಕೃತಿಗಳನ್ನು ಒಂದು ಕೈಬೆರಳಲ್ಲಿ ಎಣಿಸಿ ಮುಗಿಸಬಹುದು. ಮೆಟ್ನರ್ ಬರೆಯುತ್ತಲೇ ಹೋದರು, ದುಡ್ಡು ಬರಲಿಲ್ಲ. ಇಬ್ಬರಲ್ಲಿ ಯಾರು ಸರಿ ಅಂತ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಅವರಿಬ್ಬರಿಗಂತೂ ಒಬ್ಬರ ಮೇಲೊಬ್ಬರಿಗೆ ಅಪಾರ ಗೌರವ. ರಾಖ್ಮನಿನಾಫ್ ತಮ್ಮ ನಾಲ್ಕನೇ ಕನ್ಚೆರ್ಟೊವನ್ನು ಮೆಟ್ನರರಿಗೆ ಅರ್ಪಿಸಿದರು, ಮೆಟ್ನರ್ ತಮ್ಮ ಎರಡನೆಯದನ್ನು ರಾಖ್ಮನಿನಾಫರಿಗೆ. 1924-25ರಲ್ಲಿ ಮೆಟ್ನರರ ಅಮೆರಿಕ ಪ್ರವಾಸಕ್ಕೆ ದಾರಿ ಮಾಡಿಕೊಟ್ಟವರೂ, ಆ ಸಿಟ್ಟಿನ ಪುಸ್ತಕವನ್ನು ಅಚ್ಚು ಹಾಕಿಸಿದವರೂ ರಾಖ್ಮನಿನಾಫರೇ.

ಎರಡನೇ ಮಹಾಯುದ್ಧ ಶುರುವಾದಾಗ ಮೆಟ್ನರರ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಅವರ ಕೃತಿಗಳ ಪ್ರಕಾಶಕರು ಜರ್ಮನಿಯವರು. ಯುದ್ಧ ಬಂದ ಮೇಲೆ ಅಲ್ಲಿಂದ ಬರುತ್ತಿದ್ದ ಹಣ ನಿಂತುಹೋಯಿತು. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ ಎಡ್ನಾ ಐಲ್ಸ್ ಎಂಬ ಇಂಗ್ಲಿಷ್ ಪಿಯಾನೋ ವಾದಕಿ ಈ ದಂಪತಿಯನ್ನು ವಾರಿಕ್‌ಷೈರಿನಲ್ಲಿ ತಮ್ಮ ಬಳಿ ಇಟ್ಟುಕೊಂಡು ಸಾಕಿದರು. ಅಲ್ಲಿದ್ದಾಗಲೇ ಮೆಟ್ನರರಿಗೆ ಹೃದಯಾಘಾತವಾಯಿತು. ಚೇತರಿಸಿಕೊಂಡು ಮೂರನೇ ಕನ್ಚೆರ್ಟೊ ಮುಗಿಸಿದರು, 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾವೇ ನುಡಿಸಿದರು. ಆಗ ಅವರಿಗೆ ಅರವತ್ತನಾಲ್ಕು.

ಇಲ್ಲಿ ನಮ್ಮ ಮೈಸೂರು ಬರುತ್ತದೆ. ಜಯಚಾಮರಾಜೇಂದ್ರ ಒಡೆಯರು ಹುಟ್ಟಿದ್ದು 1919ರಲ್ಲಿ. ಪಿಯಾನೋವನ್ನು ಹವ್ಯಾಸಕ್ಕಾಗಿ ಮುಟ್ಟಿ ಬಿಟ್ಟವರಲ್ಲ, ಶಿಸ್ತಾಗಿ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. ಕಛೇರಿ ಕೊಡುವ ವಾದಕರಾಗಬೇಕು ಅನ್ನುವ ಆಸೆಯೂ ಇತ್ತಂತೆ. ಆದರೆ 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದನೇ ವಯಸ್ಸಿಗೆ ಪಟ್ಟ ಬಂತು, ಪಿಯಾನೋ ವೃತ್ತಿಯ ಆಸೆ ಅಲ್ಲಿಗೆ ನಿಂತಿತು. ಆಮೇಲೆ ಅವರು ಕರ್ನಾಟಕ ಸಂಗೀತವನ್ನು ಗಂಭೀರವಾಗಿ ಅಭ್ಯಾಸ ಮಾಡಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ್ದು ನಮಗೆಲ್ಲ ಗೊತ್ತು. ಪಾಶ್ಚಾತ್ಯ ಸಂಗೀತದ ನಂಟು ಮಾತ್ರ ಗ್ರಾಮೊಫೋನ್ ತಟ್ಟೆಗಳ ಮೂಲಕ ಮುಂದುವರಿಯಿತು. ಅರಮನೆಯಲ್ಲಿದ್ದ ತಟ್ಟೆಗಳ ಸಂಖ್ಯೆಯನ್ನು ಇಪ್ಪತ್ತು ಸಾವಿರ ಅಂತ ಅಂದಾಜು ಮಾಡುತ್ತಿದ್ದರು.

ಅಷ್ಟು ತಟ್ಟೆ ಇದ್ದರೂ ಅವರು ಮೆಚ್ಚಿದ ಮೆಟ್ನರರ ಸಂಗೀತ ಬೆರಳೆಣಿಕೆಯ ತಟ್ಟೆಗಳ ಆಚೆಗೆ ಸಿಗುತ್ತಿರಲಿಲ್ಲ. ಯಾಕೆ ಸಿಗುತ್ತಿರಲಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗಿನ 78ರ ವೇಗದ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷ ಹಿಡಿದರೆ ಹೆಚ್ಚು. ಅರ್ಧ ಗಂಟೆಗೂ ಮೀರಿದ ಒಂದು ಕನ್ಚೆರ್ಟೊಗೆ ನಾಲ್ಕೈದು ತಟ್ಟೆಗಳ ಭಾರದ ಆಲ್ಬಮ್ಮು ಬೇಕು. ಆರ್ಕೆಸ್ಟ್ರಾ ಖರ್ಚು, ಸ್ಟುಡಿಯೋ ಖರ್ಚು, ಅಚ್ಚಿನ ಖರ್ಚು. ಹೆಸರು ಕೇಳದ ಮುದುಕರೊಬ್ಬರ ಮೇಲೆ ಯಾವ ಕಂಪನಿ ಇಷ್ಟು ಹಾಕೀತು? ಎಚ್.ಎಂ.ವಿ.ಯ ವಾಲ್ಟರ್ ಲೆಗ್ ಇದಕ್ಕೆ 1930ರ ದಶಕದಲ್ಲೇ ಒಂದು ಉಪಾಯ ಕಂಡುಕೊಂಡಿದ್ದರು. ಸಂಗೀತಗಾರನ ಹೆಸರಿನಲ್ಲಿ ಒಂದು ಸೊಸೈಟಿ ಮಾಡುವುದು, ಆಸಕ್ತರಿಂದ ಮುಂಚಿತವಾಗಿ ಚಂದಾ ಎತ್ತುವುದು, ಆಮೇಲೆ ತಟ್ಟೆ ಮಾಡುವುದು. ಕನ್ನಡದಲ್ಲಿ ಪ್ರಕಟಣಪೂರ್ವ ಚಂದಾ ಎತ್ತಿ ಪುಸ್ತಕ ತಂದ ಹಾಗೆಯೇ.

ಮಹಾರಾಜರು ಹಿಡಿದದ್ದು ಅದೇ ದಾರಿ. ಮೆಟ್ನರ್ ಸೊಸೈಟಿ ಹುಟ್ಟಿತು, ಹಿಂದೆ ನಿಂತದ್ದು ಮೈಸೂರಿನ ಹಣ. 1947ರಲ್ಲಿ ಲಂಡನ್ನಿನಲ್ಲಿ ಮುದ್ರಣ ಶುರುವಾಯಿತು. ಅರವತ್ತೇಳು ವರ್ಷದ, ಹೃದಯದ ಕಾಯಿಲೆಯ ಮನುಷ್ಯ ಫಿಲ್‌ಹಾರ್ಮೋನಿಯ ಆರ್ಕೆಸ್ಟ್ರಾ ಜೊತೆ ಕೂತು ತಮ್ಮ ಮೂರೂ ಕನ್ಚೆರ್ಟೊಗಳನ್ನು ನುಡಿಸಿದರು. ಬಿಡಿ ರಚನೆಗಳನ್ನು ನುಡಿಸಿದರು. ಮುಂದೆ ಜಗತ್ಪ್ರಸಿದ್ಧರಾದ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ 1950ರಲ್ಲಿ ಅವರ ಹಾಡುಗಳನ್ನು ಹಾಡಿದಾಗ ಪಿಯಾನೋ ಮುಂದೆ ಕೂತದ್ದು ಮೆಟ್ನರರೇ. ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ಬಹಳ ನಿಂತಿದೆ. ಯೌವನದಲ್ಲಿ, ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಕೈಗೆತ್ತಿಕೊಂಡ ಪಿಯಾನೋ ಕ್ವಿಂಟೆಟ್ ಒಂದನ್ನು ಅವರು ನಲವತ್ತು ವರ್ಷಕ್ಕೂ ಮೀರಿ ಮುಗಿಸದೆ ಇಟ್ಟುಕೊಂಡಿದ್ದರು. ಅದನ್ನು ಈಗ ಮುಗಿಸಿ ಮುದ್ರಿಸಿದರು. ಕೇಳುವವರು ಒಬ್ಬರಿದ್ದಾರೆ ಅಂತ ಗೊತ್ತಾದರೆ ಮುದಿ ಕೈಗಳಿಗೂ ಎಂಥ ಶಕ್ತಿ ಬರುತ್ತದೆ ನೋಡಿ. ಮೂರನೇ ಕನ್ಚೆರ್ಟೊದ ಅರ್ಪಣೆ ಮೈಸೂರು ಮಹಾರಾಜರಿಗೆ ಸಂದಿತು. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ಇನ್ನು ನಾಲ್ಕೈದು ವರ್ಷ ತಡವಾಗಿದ್ದರೆ ಮಹಾರಾಜರು ಒಂದು ಒಳ್ಳೆಯ ಸಂತಾಪ ಸಂದೇಶ ಕಳಿಸಬಹುದಿತ್ತು, ಅಷ್ಟೆ.

ಇದನ್ನು ಹೇಳಿದಾಗಲೆಲ್ಲ ಸ್ನೇಹಿತರು ಎತ್ತುವ ಆಕ್ಷೇಪಗಳು ಎರಡು. ಎರಡಕ್ಕೂ ಉತ್ತರ ಹೇಳಲೇಬೇಕು.

ಮೊದಲನೆಯದು ದುಡ್ಡಿನದು. "ಅರಸರ ದುಡ್ಡು ಅಂದರೆ ಕೊನೆಗೆ ಮಂಡ್ಯದ ರೈತನ ದುಡ್ಡು ತಾನೆ? ಲಂಡನ್ನಿನ ಪಿಯಾನೋಗೆ ಯಾಕೆ?" ಪ್ರಶ್ನೆ ನ್ಯಾಯವಾದದ್ದೇ. ಲಂಡನ್ನಿನಲ್ಲಿ ಈ ಮುದ್ರಣಗಳು ನಡೆದ ಅದೇ 1947ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮೈಸೂರಿನಲ್ಲಿ 'ಮೈಸೂರು ಚಲೋ' ನಡೆದಿತ್ತು. ಜವಾಬ್ದಾರಿ ಸರ್ಕಾರ ಕೊಡಿ ಅಂತ ಜನ ಬೀದಿಗಿಳಿದಿದ್ದರು, ಜೈಲಿಗೆ ಹೋಗಿದ್ದರು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮಹಾರಾಜರ ಸಂಗೀತಪ್ರೇಮವನ್ನು ಹಾಡಿ ಹೊಗಳುವಾಗ ಇದನ್ನು ಮರೆಮಾಚುವುದು ಸರಿಯಲ್ಲ. ಜನರ ಹಣ ಯಾವುದಕ್ಕೆ ಹೋಗಬೇಕು ಅನ್ನುವುದನ್ನು ಒಬ್ಬ ವ್ಯಕ್ತಿಯ ಅಭಿರುಚಿ ತೀರ್ಮಾನಿಸುವ ಕಾಲ ಹೋಯಿತು, ಹೋಗಿದ್ದೇ ಒಳ್ಳೆಯದಾಯಿತು. ಆದರೆ ಆ ಹಕ್ಕು ಈಗ ನಮ್ಮ ಕೈಗೆ ಬಂದಿದೆಯಲ್ಲ! ನಮ್ಮ ಸಂಘದ ಚಂದಾ, ನಮ್ಮ ಜಾಹೀರಾತು ಹಣ ನಮ್ಮದೇ. ಅದನ್ನು ನಾವು ಯಾವುದಕ್ಕೆ ಸುರಿಯುತ್ತಿದ್ದೇವೆ? ಅರಸರನ್ನು ಕೇಳಿದ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳಬೇಕು.

ಎರಡನೆಯದು, "ಅದನ್ನೆಲ್ಲ ಕೇಳುವವರು ಯಾರು ಸ್ವಾಮೀ?" ಕೆಲವು ದಶಕ ನಿಜಕ್ಕೂ ಬಹಳ ಮಂದಿ ಕೇಳಲಿಲ್ಲ. ಆದರೆ ಕೆಲಸ ಒಳಗೊಳಗೇ ನಡೆಯುತ್ತಿತ್ತು. ಆನಾ 1958ರಲ್ಲಿ ಗಂಡನ ಹಸ್ತಪ್ರತಿಗಳೊಂದಿಗೆ ಮಾಸ್ಕೋಗೆ ಮರಳಿದರು. ಅಲ್ಲಿ ಮುಂದಿನ ಕೆಲವೇ ವರ್ಷಗಳಲ್ಲಿ ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಾಗಿ ಬಂದವು. ಎಮಿಲ್ ಗಿಲೆಲ್ಸ್‌ರಂಥ ದೊಡ್ಡವರು ನುಡಿಸಿದರು. 1990ರ ದಶಕದಲ್ಲಿ ಕೆನಡಾದ ಮಾರ್ಕ್-ಆಂದ್ರೆ ಆಮ್ಲಾಂ ಹದಿನಾಲ್ಕೂ ಸೊನಾಟಾಗಳನ್ನು ಮುದ್ರಿಸಿದರು. ಇವತ್ತು ಲೋಕದ ದೊಡ್ಡ ವಾದಕರ ಕಛೇರಿಗಳಲ್ಲಿ ಮೆಟ್ನರ್ ಹೆಸರು ಮಾಮೂಲಾಗಿದೆ. ಸ್ವರಲಿಪಿಯ ಪುಸ್ತಕ ಒಂದೇ ಸಾಲದೇ ಅಂತ ಕೇಳಬಹುದು. ಸಂಗೀತ ಬಲ್ಲವರನ್ನು ವಿಚಾರಿಸಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಲಯವನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಬೇಕು ಅನ್ನುವುದು ಕಾಗದದಲ್ಲಿ ಬರುವುದಿಲ್ಲ. ಬರೆದವರೇ ನುಡಿಸಿದ್ದನ್ನು ಕೇಳಬೇಕು. ಅದು ಮೈಸೂರಿನ ದೆಸೆಯಿಂದ ಈಗಲೂ ಕೇಳಸಿಗುತ್ತದೆ, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಾಕು.

ಮೆಟ್ನರರ ಮೂರೂ ಕನ್ಚೆರ್ಟೊಗಳನ್ನು ನಮ್ಮ ಕಾಲದಲ್ಲಿ ಮತ್ತೆ ಮುದ್ರಿಸಿದ ಒಬ್ಬರ ಕಥೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಅವರು ಆಸ್ಟ್ರೇಲಿಯದ ಜೆಫ್ರಿ ಟೋಜರ್. ಹುಟ್ಟಿದ್ದು 1954ರಲ್ಲಿ, ನಮ್ಮ ಮಸ್ಸೂರಿಯಲ್ಲಿ! ಬಾಲಪ್ರತಿಭೆ ಅನ್ನಿಸಿಕೊಂಡು ದೊಡ್ಡವರಾದ ಮೇಲೆ ಕೆಲಸ ಸಾಲದೆ ಒಂದು ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದರು. ಆಗ ಅಲ್ಲಿನ ಖಜಾನೆ ಮಂತ್ರಿಯಾಗಿದ್ದ ಪಾಲ್ ಕೀಟಿಂಗ್ ಇವರನ್ನು ಕಂಡು, ಇಂಥ ಕಲಾವಿದರಿಗಾಗಿಯೇ 1989ರಲ್ಲಿ ಒಂದು ಸರ್ಕಾರಿ ಫೆಲೋಶಿಪ್ ಶುರುಮಾಡಿಸಿದರು. ಆ ನೆರವಿನ ವರ್ಷಗಳಲ್ಲೇ ಟೋಜರರ ಮೆಟ್ನರ್ ಮುದ್ರಣಗಳು ಬಂದು ಹೆಸರು ಮಾಡಿದವು. ಆ ನೆರವು ಮುಗಿದ ಮೇಲೆ ದೊಡ್ಡ ವೇದಿಕೆಗಳು ಅವರನ್ನು ಮರೆತವು. 2009ರಲ್ಲಿ, ಐವತ್ತನಾಲ್ಕರಲ್ಲೇ, ಟೋಜರ್ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಕೀಟಿಂಗ್, ಇವರನ್ನು ಕಡೆಗಣಿಸಿದ ತಮ್ಮ ದೇಶದ ಆರ್ಕೆಸ್ಟ್ರಾಗಳನ್ನು ಹೆಸರು ಹಿಡಿದು ತರಾಟೆಗೆ ತೆಗೆದುಕೊಂಡರು. ಆ ಭಾಷಣವೂ ಪ್ರಸಿದ್ಧವಾಯಿತು. ಆದರೆ ಇವತ್ತು ಕೇಳಲು ಉಳಿದಿರುವುದು ಬದುಕಿದ್ದಾಗ ಕೊಟ್ಟ ನೆರವಿನ ಫಲ.

ಈಗ ನಮ್ಮ ವಿಷಯಕ್ಕೆ ಬರೋಣ. ಮುಂಬಯಿಯಲ್ಲಿ, ಪುಣೆಯಲ್ಲಿ, ದೆಹಲಿಯಲ್ಲಿ, ಚೆನ್ನೈಯಲ್ಲಿ ನಮ್ಮ ಸಂಘಗಳ ಸನ್ಮಾನ ಹೇಗೆ ನಡೆಯುತ್ತದೆ ಅಂತ ನಿಮಗೆ ವರ್ಣಿಸಬೇಕಿಲ್ಲ. ಎಪ್ಪತ್ತೈದು ದಾಟಿದ ಭಾಗವತರನ್ನೋ ಗಮಕಿಗಳನ್ನೋ ಕರೆಸುತ್ತೇವೆ. ಪೇಟ, ಶಾಲು, ಹಾರ, ಫಲತಾಂಬೂಲ, ಗಂಧದ ಹಾರ ಹಾಕಿದ ಸ್ಮರಣಿಕೆ, ಚೌಕಟ್ಟು ಹಾಕಿದ ಸನ್ಮಾನಪತ್ರ. ಅದನ್ನು ಒಬ್ಬರು ಪೂರ್ತಿ ಓದುತ್ತಾರೆ. ಮುಖ್ಯ ಅತಿಥಿಗಳು ಮಾತಾಡುತ್ತಾರೆ, ಅಧ್ಯಕ್ಷರು ಮಾತಾಡುತ್ತಾರೆ. ಇಷ್ಟೆಲ್ಲ ಆದ ಮೇಲೆ "ಸಮಯದ ಅಭಾವದಿಂದ ಸನ್ಮಾನಿತರು ಒಂದೇ ಒಂದು ಪದ್ಯ ಹಾಡಬೇಕಾಗಿ ವಿನಂತಿ." ಆ ಒಂದು ಪದ್ಯದ ಹೊತ್ತಿಗೆ ವೀಡಿಯೋದವನು ಊಟಕ್ಕೆ ಹೋಗಿರುತ್ತಾನೆ! ಅವನ ಕ್ಯಾಮೆರಾದಲ್ಲಿ ಅಧ್ಯಕ್ಷರ ಭಾಷಣ ಮುಕ್ಕಾಲು ಗಂಟೆ ಇರುತ್ತದೆ, ಭಾಗವತರ ಪದ್ಯ ಅರ್ಧಕ್ಕೆ ನಿಂತಿರುತ್ತದೆ.

ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ಸಂಘ ನಡೆಸುವವರು ಕೆಲಸ ಮುಗಿಸಿ, ಲೋಕಲ್ ಟ್ರೈನಿನಲ್ಲಿ ನೇತಾಡಿಕೊಂಡು ಬಂದು, ಕೈಯಿಂದ ಖರ್ಚು ಮಾಡಿ ಇದನ್ನೆಲ್ಲ ಮಾಡುತ್ತಾರೆ. ಸನ್ಮಾನವೂ ಬೇಡ ಅನ್ನುವುದಿಲ್ಲ. ಊರಿಂದ ಇಷ್ಟು ದೂರ ಬಂದು ಹಗಲು ಹೋಟೆಲಿನಲ್ಲೋ ಮಿಲ್ಲಿನಲ್ಲೋ ದುಡಿದು, ರಾತ್ರಿ ಕಲೆ ಉಳಿಸಿಕೊಂಡವರಿಗೆ ಒಂದು ಸಂಜೆಯ ಗೌರವ ಸಲ್ಲಲೇಬೇಕು. ನಾನು ಹೇಳುವುದು ಇಷ್ಟೆ: ಸಂಜೆ ಶಾಲು ಹೊದಿಸುವುದಕ್ಕೆ ಮೊದಲು, ಒಂದು ಇಡೀ ದಿನ ಅವರನ್ನು ಕೂರಿಸಿಕೊಂಡು ಧ್ವನಿಮುದ್ರಣ ಮಾಡಿ.

ನಮಗೆ ಆರ್ಕೆಸ್ಟ್ರಾ ಬೇಕಿಲ್ಲ, ನಾಲ್ಕೂವರೆ ನಿಮಿಷದ ತಟ್ಟೆಯ ಗೋಳೂ ಇಲ್ಲ. ಫ್ಯಾನು ಆರಿಸಿದ, ಕಿಟಕಿ ಮುಚ್ಚಿದ ಒಂದು ಕೋಣೆ, ಒಂದು ಒಳ್ಳೆಯ ಮೈಕು, ಜೊತೆಗೆ ಚೆಂಡೆ-ಮದ್ದಳೆಯವರೋ ತಂಬೂರಿಯವರೋ, ಅವರಿಗೆ ಕೊಡಬೇಕಾದ ಸಂಭಾವನೆ. ಕಲಾವಿದರಿಗೂ ಸಂಭಾವನೆ ಕೊಡಬೇಕು, "ಸೇವೆ" ಅಂತ ಪುಕ್ಕಟೆ ಮಾಡಿಸಬಾರದು. ಪ್ರಸಂಗದ ಪದ್ಯಗಳನ್ನು ಪೂರ್ತಿ ಹಾಡಿಸಬೇಕು. ನಡುವೆ ಇದನ್ನು ಯಾರಿಂದ ಕಲಿತಿರಿ, ಈ ಮಟ್ಟು ಯಾವ ಊರಿನದು, ಈಗಿನವರು ಹೇಗೆ ಹಾಡುತ್ತಾರೆ ಅಂತ ಬಲ್ಲವರೊಬ್ಬರು ಕೇಳಬೇಕು. ಪ್ರತಿ ಕಡತಕ್ಕೂ ಹೆಸರು, ರಾಗ, ತಾಳ, ಪಕ್ಕವಾದ್ಯದವರು, ದಿನಾಂಕ ಬರೆಯಬೇಕು. ಒಂದು ಪ್ರತಿ ಕಲಾವಿದರ ಮನೆಗೆ, ಒಂದು ಸಂಘದ ಲೈಬ್ರರಿಗೆ, ಒಂದು ಊರಿನ ಯಾವುದಾದರೂ ವಿಶ್ವವಿದ್ಯಾಲಯಕ್ಕೆ. ಅವರ ಒಪ್ಪಿಗೆ ಇದ್ದರೆ ಇಂಟರ್ನೆಟ್ಟಿಗೂ. ಹೂವು, ಪೇಟ, ಫ್ಲೆಕ್ಸ್ ಬ್ಯಾನರಿನ ಖರ್ಚಿನಲ್ಲಿ ಒಂದು ಪಾಲು ಕಡಿಮೆ ಮಾಡಿದರೂ ಇದರ ಬಹುಭಾಗ ಏಳುತ್ತದೆ. ಸಾಲದಿದ್ದರೆ ಲೆಗ್ ಸಾಹೇಬರ ಚಂದಾ ಉಪಾಯ ಇದ್ದೇ ಇದೆ.

"ಮೆಟ್ನರ್ ಎಲ್ಲಿ, ನಮ್ಮ ಡೊಂಬಿವಲಿಯ ಭಾಗವತರು ಎಲ್ಲಿ!" ಅನ್ನುವವರಿಗೆ ಒಂದು ಮಾತು. 1946ರಲ್ಲಿ ಮೆಟ್ನರ್ ಯಾರಾಗಿದ್ದರು? ಪರವೂರಿನ ಬಡಾವಣೆಯೊಂದರ ಮನೆಯಲ್ಲಿ ಕಾಯಿಲೆ ಬಿದ್ದಿದ್ದ, ಕಾಲದ ಜೊತೆ ಜಗಳವಾಡಿಕೊಂಡಿದ್ದ, ಒಂದಿಷ್ಟು ಅಭಿಮಾನಿಗಳಿಗಷ್ಟೇ ಗೊತ್ತಿದ್ದ ಒಬ್ಬ ವಲಸಿಗ ಮುದುಕರು. ದೊಡ್ಡವರು ಅಂತ ಲೋಕ ಒಪ್ಪಿದ ಮೇಲೆ ಮುದ್ರಿಸಿಕೊಂಡದ್ದಲ್ಲ. ಮುದ್ರಿಸಿಟ್ಟಿದ್ದರಿಂದ ಮುಂದಿನವರು ಅವರ ಯೋಗ್ಯತೆಯನ್ನು ಅಳೆಯಲು ಸಾಧ್ಯವಾಯಿತು. ನಮ್ಮ ಭಾಗವತರು ದೊಡ್ಡವರೋ ಅಲ್ಲವೋ ಅನ್ನುವ ತೀರ್ಮಾನವನ್ನು ಮೊಮ್ಮಕ್ಕಳು ಮಾಡಿಕೊಳ್ಳಲಿ. ಕೇಳಿ ತೀರ್ಮಾನಿಸಲು ಅವರ ಕೈಯಲ್ಲಿ ಏನಾದರೂ ಇರಬೇಕಲ್ಲವೇ?

ರಾಜ್ಯೋತ್ಸವದ ಸಮಿತಿ ಸಭೆಗಳು ಇನ್ನೇನು ಶುರುವಾಗುತ್ತವೆ. ಸನ್ಮಾನಿತರ ಪಟ್ಟಿ ಓದುವಾಗ "ಇವರ ಧ್ವನಿಮುದ್ರಣ ಯಾವತ್ತು?" ಅಂತ ಒಬ್ಬರಾದರೂ ಕೇಳಿ. ಪಟ್ಟಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರಿಂದಲೇ ಶುರುವಾಗಲಿ. ನಿಮ್ಮ ಊರಿನ ಸಂಘ ಈಗಾಗಲೇ ಇಂಥದ್ದು ಮಾಡಿದ್ದರೆ ದಯವಿಟ್ಟು ತಿಳಿಸಿ, ನಾವು ಮುಂಬಯಿಯವರು ಕಲಿಯುತ್ತೇವೆ. ಏನಂತೀರಿ?